ತಾವು ‘ಇಲ್ಲ’ ಎಂದರೆ ಸಾಕು: ಡಿ-ಡೈಮರ್ ಅವರಿಗೊಂದು ಬಹಿರಂಗ ಪತ್ರ

ಇವರಿಗೆ,
ಶ್ರೀ ಡಿ-ಡೈಮರ್ ಅವರು,
ನೀಲಿ ಮುಚ್ಚಳದ ಟ್ಯೂಬು,
ಸಮಸ್ತ ಲ್ಯಾಬುಗಳು.

ವಿಷಯ: ತಮ್ಮ ಅಧಿಕಾರ ವ್ಯಾಪ್ತಿಯನ್ನು ಮರುನಿಗದಿ ಮಾಡಿಕೊಳ್ಳುವ ಕುರಿತು.
ಉಲ್ಲೇಖ: ನಮ್ಮ ಸೋದರಮಾವನವರ ರಕ್ತದ ರಿಪೋರ್ಟು, ಎರಡು ಲ್ಯಾಬಿನದು.

ಮಾನ್ಯರೆ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ಕೀರ್ತಿ ಈಗ ಆಸ್ಪತ್ರೆಯ ಗೇಟು ದಾಟಿ ನಮ್ಮ ನಡುಮನೆಗೆ ಬಂದು ಕೂತಿದೆ. 2020ಕ್ಕೆ ಮುಂಚೆ ತಮ್ಮ ಹೆಸರು ಗೊತ್ತಿದ್ದದ್ದು ಡಾಕ್ಟರುಗಳಿಗೆ, ಲ್ಯಾಬಿನವರಿಗೆ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ನರಳಿದ ಕೆಲವರಿಗೆ, ಅಷ್ಟೆ. ಈಗ ಗೃಹಪ್ರವೇಶಕ್ಕೆ ಹೋದರೂ ಕಾಫಿ ಲೋಟ ಹಿಡಿದ ಯಾರಾದರೊಬ್ಬರು ಪಕ್ಕಕ್ಕೆ ಕರೆದು ‘ನಿಮ್ಮದೆಷ್ಟು ಬಂತು?’ ಎನ್ನುತ್ತಾರೆ. ಹೆಂಗಸರ ವಯಸ್ಸು, ಗಂಡಸರ ಸಂಬಳ ಕೇಳಬಾರದು ಎಂಬ ಮರ್ಯಾದೆ ಇನ್ನೂ ಉಳಿದಿದೆ. ಡಿ-ಡೈಮರ್ ಮಾತ್ರ ಧಾರಾಳವಾಗಿ ಕೇಳಬಹುದು.

ಉಲ್ಲೇಖಿತ ಸೋದರಮಾವನವರಿಗೆ 72 ವರ್ಷ. ಬೆಳಿಗ್ಗೆ ನಡೆಯುತ್ತಾರೆ, ಮಧ್ಯಾಹ್ನ ಮಲಗುತ್ತಾರೆ, ಸಂಜೆ ಟೀವಿಯ ಜೊತೆ ಜಗಳವಾಡುತ್ತಾರೆ. ಯಾವ ಕಾಯಿಲೆಯ ಲಕ್ಷಣವೂ ಇಲ್ಲ. ಮಗ ಹಬ್ಬದ ರಿಯಾಯಿತಿಯಲ್ಲಿ ‘ಫುಲ್ ಬಾಡಿ ಚೆಕಪ್’ ಮಾಡಿಸಿದ. ಎಲ್ಲ ನಾರ್ಮಲ್ ಬಂದು, ಕೊನೆಯ ಪುಟದಲ್ಲಿ ತಾವೊಬ್ಬರು 0.62 ಎಂದು ದಪ್ಪಕ್ಷರದಲ್ಲಿ, ಪಕ್ಕದಲ್ಲೊಂದು ಬಾಣದ ಗುರುತು ಸಮೇತ ಪ್ರತ್ಯಕ್ಷರಾದಿರಿ. ಅಂದು ರಾತ್ರಿ ಮಾವ ಫೋನು ಮಾಡಿದರು. ‘ಬಾಣ ಮೇಲಕ್ಕೆ ತೋರಿಸ್ತಿದೆ ಕಣೋ. ನಾನೂ ಮೇಲಕ್ಕೆ ಹೋಗೋ ಸೂಚನೆನಾ?’

ವಾರ ಕಳೆದು ಇನ್ನೊಂದು ಲ್ಯಾಬಿನಲ್ಲಿ ಮಾಡಿಸಿದರು. ಅಲ್ಲಿ 310 ಎಂದು ಬಂತು. ಮಗನಿಗೆ ಗಾಬರಿ: 0.62 ಎಲ್ಲಿ, 310 ಎಲ್ಲಿ! ಆಮೇಲೆ ಯಾರೋ ಮಿಲಿಲೀಟರಿಗೆ 0.62 ಮೈಕ್ರೊಗ್ರಾಂ ಎಂದರೆ 620 ನ್ಯಾನೊಗ್ರಾಂ ಎಂದು ಲೆಕ್ಕ ಹೇಳಿಕೊಟ್ಟರು. ಮನೆಯಲ್ಲಿ ಹಬ್ಬದ ಸಂಭ್ರಮ. ‘ಆರುನೂರಿಪ್ಪತ್ತರಿಂದ ಮುನ್ನೂರಹತ್ತಕ್ಕೆ ಇಳೀತು ನೋಡು! ಒಂದೇ ವಾರದಲ್ಲಿ ಅರ್ಧ! ನಿಮ್ಮತ್ತೆ ಕೊಟ್ಟ ಬೆಳ್ಳುಳ್ಳಿ ಕಷಾಯ ಕೆಲಸ ಮಾಡ್ತು.’

ಮಾನ್ಯರೆ, ಇಳಿದದ್ದು ಏನೂ ಇರಲಿಲ್ಲ ಎಂಬುದು ತಮಗೆ ಗೊತ್ತು. ಕೆಲವು ಲ್ಯಾಬುಗಳು ತಮ್ಮನ್ನು ಅಳೆಯುವುದು ಎಫ್‌ಇಯು ಎಂಬ ಮಾನದಲ್ಲಿ, ಅಂದರೆ ಮೂಲ ಫೈಬ್ರಿನೋಜೆನ್‌ನ ತೂಕಕ್ಕೆ ಹೊಂದಿಸಿ. ಇನ್ನು ಕೆಲವು ಡಿಡಿಯು ಎಂದು ತಮ್ಮ ಸ್ವಂತ ತೂಕದಲ್ಲೇ ಅಳೆಯುತ್ತವೆ. ಮೊದಲನೆಯದು ಎರಡನೆಯದರ ಹೆಚ್ಚುಕಡಿಮೆ ದುಪ್ಪಟ್ಟು. ಆದ್ದರಿಂದ ಒಂದು ಕಡೆ ಗಡಿ 500, ಇನ್ನೊಂದು ಕಡೆ 250ರ ಆಸುಪಾಸು. ಇದರ ಮೇಲೆ ಮೈಕ್ರೊಗ್ರಾಂ, ನ್ಯಾನೊಗ್ರಾಂ, ಲೀಟರಿಗೆ ಮಿಲಿಗ್ರಾಂ ಎಂಬ ವೇಷಗಳು ಬೇರೆ. ಕಂಪನಿಯಿಂದ ಕಂಪನಿಗೆ ಪರೀಕ್ಷೆಯ ಕಿಟ್ಟೂ ಬೇರೆ, ಉತ್ತರವೂ ಬೇರೆ. ಚಿನ್ನಕ್ಕೂ ಬೆಳ್ಳಿಗೂ ದೇಶಕ್ಕೆಲ್ಲ ಒಂದೇ ತೂಕ ಮಾಡಿಕೊಂಡಿದ್ದೇವೆ. ತಮಗೆ ಮಾತ್ರ ಇಷ್ಟು ರೂಪಗಳು ಯಾಕೆ ಎಂದು ಕೇಳುವ ಧೈರ್ಯ ನನಗಿಲ್ಲ. ಆದರೆ ಆ ಎರಡು ರಿಪೋರ್ಟು ಹಿಡಿದು ಮಾವ ತಮ್ಮ ಹಳೆಯ ಡಾಕ್ಟರ ಹತ್ತಿರ ಹೋದಾಗ ನಾನೂ ಜೊತೆಗಿದ್ದೆ. ಅವರು ಹಾಳೆ ಮುಟ್ಟಲೇ ಇಲ್ಲ.

‘ಕಾಲು ಊತ ಇದೆಯಾ?’
‘ಇಲ್ಲ.’
‘ಎದೆ ಹಿಡ್ಕೊಳ್ಳೋದು, ಏದುಸಿರು?’
‘ಇಲ್ಲ ಡಾಕ್ಟ್ರೇ.’
‘ಇತ್ತೀಚೆಗೆ ಆಪರೇಷನ್ನು, ಹಾಸಿಗೆ ಹಿಡಿದು ಮಲಗಿದ್ದು?’
‘ಅದೂ ಇಲ್ಲ.’
‘ಮತ್ತೆ ಇದನ್ನ ಯಾಕೆ ಮಾಡಿಸಿದ್ರಿ?’
‘ಪ್ಯಾಕೇಜಲ್ಲಿ ಇತ್ತು.’

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ತಮ್ಮ ಬಗ್ಗೆ ನನಗಿರುವ ಅಷ್ಟಿಷ್ಟು ತಿಳಿವಳಿಕೆ ಆಮೇಲಿನ ಅರ್ಧ ಗಂಟೆಯಲ್ಲಿ ಶುರುವಾದದ್ದು. ಉಳಿದದ್ದನ್ನು ಹಟಕ್ಕೆ ಬಿದ್ದು ಓದಿಕೊಂಡೆ. ಆ ಧೈರ್ಯದ ಮೇಲೆ ಈ ಪತ್ರ.

ತಮ್ಮ ಜನ್ಮವೃತ್ತಾಂತ ಹೀಗಿದೆ. ದೇಹದಲ್ಲೆಲ್ಲೋ ರಕ್ತ ಹೆಪ್ಪುಗಟ್ಟಬೇಕಾದಾಗ ಥ್ರಾಂಬಿನ್ ಎಂಬುದು ಫೈಬ್ರಿನೋಜೆನ್‌ನಿಂದ ಫೈಬ್ರಿನ್ ಎಳೆಗಳನ್ನು ಹೊರಡಿಸುತ್ತದೆ. ಹದಿಮೂರನೆಯ ಫ್ಯಾಕ್ಟರು ಬಂದು ಆ ಎಳೆಗಳನ್ನು ಒಂದಕ್ಕೊಂದು ಹೊಲಿದು ಗಟ್ಟಿ ಮಾಡುತ್ತದೆ. ಕೆಲಸ ಮುಗಿದ ಮೇಲೆ ಪ್ಲಾಸ್ಮಿನ್ ಬಂದು ಎಲ್ಲವನ್ನೂ ಕತ್ತರಿಸಿ ಹಾಕುತ್ತದೆ. ಹಾಗೆ ಕತ್ತರಿಸುವಾಗ ಹೊಲಿಗೆ ಬಿಚ್ಚದೆ ಜೋಡಿಯಾಗಿಯೇ ಉಳಿದುಬಿಡುವ ಎರಡು ‘ಡಿ’ ತುಂಡುಗಳು ತಾವು. ಸುಮಾರು ಎಂಟು ಗಂಟೆಗಳಲ್ಲಿ ಅರ್ಧದಷ್ಟು ಕರಗಿ ಹೋಗುವ ಜೀವ. ಮದುವೆ ಛತ್ರದ ಹಿಂದೆ ಮರುದಿನ ಬಿದ್ದಿರುವ ಬಾಳೆಯೆಲೆಗಳನ್ನು ನೋಡಿದರೆ ಊಟವಾಗಿದೆ ಎಂದು ಗೊತ್ತಾಗುತ್ತದೆ. ಆದರೆ ಅದು ಮದುವೆ ಊಟವೋ ತಿಥಿ ಊಟವೋ ಎಲೆ ಹೇಳುವುದಿಲ್ಲ. ತಾವೂ ಅಷ್ಟೇ ಹೇಳುತ್ತೀರಿ: ಎಲ್ಲೋ ಹೆಪ್ಪುಗಟ್ಟಿತ್ತು, ಕರಗಿತು. ಎಲ್ಲಿ, ಯಾಕೆ, ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ, ಆ ಪ್ರಶ್ನೆಗಳಿಗೆ ತಮ್ಮ ಬಳಿ ಉತ್ತರವಿಲ್ಲ.

ಗಾಯವಾದರೆ ಏರುತ್ತೀರಿ. ಮಂಡಿ ಕೀಲು ಬದಲಾಯಿಸಿಕೊಂಡರೆ ವಾರಗಟ್ಟಲೆ ಏರಿಯೇ ಇರುತ್ತೀರಿ. ಸೋಂಕು, ಕ್ಯಾನ್ಸರು, ಲಿವರಿನ ತೊಂದರೆ, ಎಲ್ಲದಕ್ಕೂ ಏರುತ್ತೀರಿ. ಬಸುರಿಯರಲ್ಲಿ ತಿಂಗಳು ತುಂಬುತ್ತಾ ಬಂದಂತೆ ತಾವೂ ತುಂಬಿಕೊಳ್ಳುತ್ತೀರಿ. ಕೊನೆಯ ಮೂರು ತಿಂಗಳಲ್ಲಿ 500ರ ಕೆಳಗೆ ಉಳಿಯುವವರೇ ಅಪರೂಪ. ಬರಿದೇ ವಯಸ್ಸಾದರೂ ಏರುತ್ತೀರಿ. ಇಷ್ಟು ಕಾರಣಗಳಿಗೆ ಕೈಯೆತ್ತುವ ಸಾಕ್ಷಿಯನ್ನು ಯಾವ ನ್ಯಾಯಾಧೀಶರೂ ಕಟಕಟೆಗೆ ಹತ್ತಿಸುವುದಿಲ್ಲ. ನಾವು ಹತ್ತಿಸುತ್ತೇವೆ, ಕಾಸು ಕೊಟ್ಟು.

ತಮ್ಮ ನಿಜವಾದ ಪ್ರತಿಭೆ ಬೇರೆಯೇ ಇದೆ ಎಂಬುದನ್ನು ಒಪ್ಪಿಕೊಳ್ಳಲೇಬೇಕು. 1983ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನ ವಿಜ್ಞಾನಿಗಳು ತಮ್ಮನ್ನಷ್ಟೇ ಹುಡುಕಿ ಹಿಡಿಯಬಲ್ಲ ಮಾನೊಕ್ಲೋನಲ್ ಪ್ರತಿಕಾಯದ ಪರೀಕ್ಷೆಯನ್ನು ಪ್ರಕಟಿಸಿದರು. ಅಲ್ಲಿಂದ ಈಚೆಗೆ ಗೊತ್ತಾದದ್ದೇನೆಂದರೆ, ತಾವು ‘ಹೌದು’ ಎಂದರೆ ಏನೂ ಹೇಳಿದಂತಾಗುವುದಿಲ್ಲ. ‘ಇಲ್ಲ’ ಎಂದರೆ ಅದಕ್ಕೆ ಚಿನ್ನದ ಬೆಲೆ. ಒಬ್ಬಾಕೆ ಏದುಸಿರು ಬಿಡುತ್ತಾ ತುರ್ತು ಚಿಕಿತ್ಸೆಗೆ ಬಂದಿದ್ದಾಳೆ ಎನ್ನಿ. ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿದೆಯೋ ಎಂಬ ಅನುಮಾನ. ಡಾಕ್ಟರು ಮೊದಲು ಮುಟ್ಟಿ, ಮಾತಾಡಿಸಿ, ಕೆನಡಾದ ವೆಲ್ಸ್ ಅವರ ಹೆಸರಿನ ಅಂಕಪಟ್ಟಿಯಂತೆ ಸಂಭವ ಎಷ್ಟೆಂದು ತೂಗುತ್ತಾರೆ. ಸಂಭವ ಕಡಿಮೆಯಿದ್ದು, ತಾವೂ 500ರ ಕೆಳಗಿದ್ದರೆ, ಸಿಟಿ ಸ್ಕ್ಯಾನ್ ಬೇಡ, ಬಣ್ಣದ ಇಂಜೆಕ್ಷನ್ ಬೇಡ, ರಕ್ತ ಹೆಪ್ಪುಗಟ್ಟದಂತೆ ಮಾಡುವ ಔಷಧವೂ ಬೇಡ, ಮನೆಗೆ ಹೋಗಿ ಎನ್ನಬಹುದು. ತಮ್ಮ ಮಾತಿನ ಮೇಲೆ ಭಾರ ಹಾಕಿ ಪ್ರಪಂಚದಾದ್ಯಂತ ಅಸಂಖ್ಯ ಜನರನ್ನು ಹೀಗೆ ಮನೆಗೆ ಕಳಿಸಿದ್ದಾರೆ.

ಡಾಕ್ಟರು ಹೇಳಿದ ಇನ್ನೊಂದು ವಿಷಯ ಮಾವನವರಿಗೆ ಬಹಳ ಹಿಡಿಸಿತು. ಐವತ್ತು ದಾಟಿದವರಿಗೆ ಗಡಿಯನ್ನೇ ಸರಿಸಬಹುದು: ವಯಸ್ಸನ್ನು ಹತ್ತರಿಂದ ಗುಣಿಸಿದರೆ ಬಂದಷ್ಟು. ಯುರೋಪಿನ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ ಇದನ್ನು ಒರೆಗೆ ಹಚ್ಚಿ 2014ರಲ್ಲಿ ಪ್ರಕಟಿಸಿದರು. 72ರ ಮಾವನಿಗೆ 720. ಅವರದು 620. ಅನುಮಾನ ಪಡಲು ಕಾರಣವೊಂದಿದ್ದಿದ್ದರೂ ಅವರು ಪಾಸು. ಕಾರಣವೇ ಇರಲಿಲ್ಲವಾದ್ದರಿಂದ ಪರೀಕ್ಷೆಗೇ ಕೂರಬೇಕಿರಲಿಲ್ಲ. ನೆದರ್ಲೆಂಡ್ಸ್‌ನವರು 2017ರಲ್ಲಿ ಇನ್ನೂ ಸರಳ ಮಾಡಿದರು. ಮೂರೇ ಪ್ರಶ್ನೆ: ಕಾಲಿನಲ್ಲಿ ಹೆಪ್ಪಿನ ಲಕ್ಷಣ ಇದೆಯೇ, ಕೆಮ್ಮಿದರೆ ರಕ್ತ ಬರುತ್ತದೆಯೇ, ಎಲ್ಲಕ್ಕಿಂತ ಹೆಚ್ಚಾಗಿ ಶ್ವಾಸಕೋಶದ ಹೆಪ್ಪೇ ಇರಬೇಕೆಂದು ಡಾಕ್ಟರಿಗೆ ಅನ್ನಿಸುತ್ತಿದೆಯೇ. ಮೂರಕ್ಕೂ ಇಲ್ಲವೆಂದರೆ ತಾವು 1000 ಮುಟ್ಟುವವರೆಗೂ ಚಿಂತೆಯಿಲ್ಲ. ಒಂದಕ್ಕಾದರೂ ಹೌದೆಂದರೆ 500. ಒಂದೇ ರಕ್ತ, ಒಂದೇ ಸಂಖ್ಯೆ. ಮುಂಚೆ ಏನು ಕೇಳಿದಿರಿ ಎಂಬುದರ ಮೇಲೆ ಉತ್ತರವೇ ತಿರುಗುತ್ತದೆ. ಪ್ಯಾಕೇಜಿನವರು ಏನನ್ನೂ ಕೇಳುವುದಿಲ್ಲ. ಬೆಳಿಗ್ಗೆ ಏನೂ ತಿನ್ನದೆ ಬನ್ನಿ ಎನ್ನುತ್ತಾರೆ, ಅಷ್ಟೆ.

ಇಂಥ ಸಂಕೋಚದ ಸ್ವಭಾವದ ತಮ್ಮನ್ನು ಭವಿಷ್ಯ ನುಡಿಯಲು ಕೂರಿಸಿದ್ದು ಕೋವಿಡ್. 2020ರ ಮಾರ್ಚಿನಲ್ಲಿ ವುಹಾನ್‌ನ ಎರಡು ಆಸ್ಪತ್ರೆಗಳ 191 ರೋಗಿಗಳ ಲೆಕ್ಕ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 137 ಮಂದಿ ಗುಣವಾಗಿ ಮನೆಗೆ ಹೋಗಿದ್ದರು, 54 ಮಂದಿ ತೀರಿಕೊಂಡಿದ್ದರು. ದಾಖಲಾಗುವಾಗ ತಾವು ಮಿಲಿಲೀಟರಿಗೆ 1 ಮೈಕ್ರೊಗ್ರಾಂ ದಾಟಿದ್ದರೆ ಸಾವಿನ ಆಡ್ಸ್ 18 ಪಟ್ಟು ಎಂದು ಅದರಲ್ಲಿತ್ತು. ಹದಿನೆಂಟು ಎಂಬುದು ಊರೂರು ತಿರುಗಿತು. ಅದೇ ಕೋಷ್ಟಕದಲ್ಲಿ, ಅದೇ ಸಾಲಿನಲ್ಲಿ, ನಿಜವಾದ ಬೆಲೆ 2.64ರಿಂದ 128.55ರ ನಡುವೆ ಎಲ್ಲಿಯೂ ಇರಬಹುದು ಎಂದೂ ಬರೆದಿತ್ತು. ಆ ಭಾಗ ಯಾವ ಫಾರ್ವರ್ಡಿನಲ್ಲೂ ಬರಲಿಲ್ಲ.

ಹೆಚ್ಚು ಇದ್ದವರು ಹೆಚ್ಚು ಸತ್ತರು ಎಂಬುದು ನಿಜ. ಆಮೇಲಿನ ಎಷ್ಟೋ ಅಧ್ಯಯನಗಳೂ ಅದನ್ನೇ ಹೇಳಿದವು. ತಮ್ಮ ಸಂಖ್ಯೆಯನ್ನು ಇಳಿಸಿದರೆ ಬದುಕುತ್ತಾರೆ ಎಂಬುದು ಬೇರೆಯೇ ಮಾತು. ಮೊದಲನೆಯದು ಗೊತ್ತಾದ ದಿನವೇ ಎರಡನೆಯದೂ ಗೊತ್ತಾಯಿತೆಂದು ನಾವು ತಿಳಿದುಬಿಟ್ಟೆವು. 2021ರ ಏಪ್ರಿಲ್, ಮೇ ತಿಂಗಳುಗಳನ್ನು ನೆನೆಸಿಕೊಳ್ಳಿ. ಹಾಸಿಗೆಗೆ ಪರದಾಟ, ಆಮ್ಲಜನಕಕ್ಕೆ ಪರದಾಟ. ಅದರ ನಡುವೆ ಮನೆಯಲ್ಲೇ ಇದ್ದ ಸಣ್ಣ ಜ್ವರದವರೂ ದಿನ ಬಿಟ್ಟು ದಿನ ರಕ್ತ ಕೊಟ್ಟು ತಮ್ಮ ಏರಿಳಿತವನ್ನು ಷೇರು ಪೇಟೆಯವರ ಹಾಗೆ ಬರೆದಿಟ್ಟುಕೊಳ್ಳುತ್ತಿದ್ದರು. ದೆಹಲಿ ಏಮ್ಸ್‌ನ ಅಂದಿನ ನಿರ್ದೇಶಕ ರಣದೀಪ್ ಗುಲೇರಿಯಾ ಅವರು ಮೇ ಮೊದಲ ವಾರದಲ್ಲಿ, ಸೌಮ್ಯ ಲಕ್ಷಣದವರು ಸಿಟಿ ಸ್ಕ್ಯಾನಿಗೂ ಇಂಥ ರಕ್ತಪರೀಕ್ಷೆಗಳಿಗೂ ಮುಗಿಬೀಳಬೇಡಿ ಎಂದು ಬಹಿರಂಗವಾಗಿಯೇ ಹೇಳಿದರು. ಆದರೆ ಭಯಕ್ಕೆ ಒಂದು ಸಂಖ್ಯೆ ಸಿಕ್ಕಿದರೆ ಎಷ್ಟು ಸಮಾಧಾನ ಎಂಬುದು ನಿರ್ದೇಶಕರಿಗೆ ಹೇಗೆ ಗೊತ್ತಾಗಬೇಕು? ‘ಡಿ-ಡೈಮರ್ ಜಾಸ್ತಿ’ ಎಂದರೆ ರಕ್ತ ತೆಳುವಾಗಿಸುವ ಗುಳಿಗೆ. ಇನ್ನೂ ಜಾಸ್ತಿ ಎಂದರೆ ಇನ್ನೊಂದು. ಚೀಟಿ ಬರೆದವರೂ ಇದ್ದರು, ಚೀಟಿಯಿಲ್ಲದೆ ತಂದವರೂ ಇದ್ದರು.

ತಮ್ಮ ಮಾತು ಕೇಳಿ ಔಷಧ ಕೊಟ್ಟರೆ ಏನಾಗುತ್ತದೆ ಎಂದು ನಿಜವಾಗಿ ಪರೀಕ್ಷಿಸಿ ನೋಡಿದವರಲ್ಲಿ ಬ್ರೆಜಿಲ್‌ನವರೂ ಇದ್ದರು. ಆಸ್ಪತ್ರೆಗೆ ದಾಖಲಾದ, ತಾವು ಏರಿಕೊಂಡಿದ್ದ 615 ಜನರನ್ನು ಎರಡು ಪಾಲು ಮಾಡಿದರು. ಒಂದು ಪಾಲಿಗೆ ಪೂರ್ಣ ಪ್ರಮಾಣದ ಔಷಧ, ಬಹುತೇಕ ರಿವರೊಕ್ಸಬಾನ್ ಗುಳಿಗೆ, 30 ದಿನ. ಇನ್ನೊಂದಕ್ಕೆ ವಾಡಿಕೆಯ ಸಣ್ಣ ಪ್ರಮಾಣ. ಗುಣವಾಗುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಗಮನಾರ್ಹ ರಕ್ತಸ್ರಾವ ಮಾತ್ರ ಮೊದಲ ಪಾಲಿನಲ್ಲಿ ನೂರಕ್ಕೆ 8, ಎರಡನೆಯದರಲ್ಲಿ 2. ಅದೇ 2021ರಲ್ಲಿ ಪ್ರಕಟವಾದ, ಹಲವು ದೇಶಗಳು ಕೂಡಿ ಮಾಡಿದ ದೊಡ್ಡ ಪ್ರಯೋಗಗಳಲ್ಲಿ ಪೂರ್ಣ ಪ್ರಮಾಣದ ಹೆಪಾರಿನ್ ವಾರ್ಡಿನ ರೋಗಿಗಳಿಗೆ ನೆರವಾಯಿತು, ತಾವು ಏರಿದ್ದರೂ ಸರಿ, ಇಳಿದಿದ್ದರೂ ಸರಿ. ಐಸಿಯು ಸೇರಿದವರಿಗೆ, ಅಂದರೆ ಸಾಮಾನ್ಯವಾಗಿ ತಾವು ಮುಗಿಲು ಮುಟ್ಟಿರುತ್ತಿದ್ದವರಿಗೆ, ನೆರವಾಗಲಿಲ್ಲ. ಮನೆಯಲ್ಲಿದ್ದವರ ಮೇಲೆ ಅಮೆರಿಕದಲ್ಲಿ ನಡೆದ ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ತಡೆಯಬೇಕಾದ ಹೆಪ್ಪಿನ ಪ್ರಕರಣಗಳೇ ಅಷ್ಟು ಕಡಿಮೆ.

ತಮ್ಮ ಪರವಾಗಿಯೂ ಒಂದು ದಾಖಲೆಯಿದೆ. ಮುಚ್ಚಿಟ್ಟರೆ ಪಾಪ ಬಂದೀತು. ಅಮೆರಿಕದಲ್ಲೇ ನಡೆದ ಇನ್ನೊಂದು ಸಣ್ಣ ಪ್ರಯೋಗದಲ್ಲಿ, 253 ಜನ, ಮುಖ್ಯವಾಗಿ ತಾವು ಗಡಿಯ ನಾಲ್ಕು ಪಟ್ಟು ಮೀರಿದ್ದವರನ್ನೇ ಆರಿಸಿಕೊಂಡಿದ್ದರು. ಅಲ್ಲಿ ಪೂರ್ಣ ಪ್ರಮಾಣ ಕೊಟ್ಟವರಲ್ಲಿ ಹೆಪ್ಪು ಅಥವಾ ಸಾವು ನೂರಕ್ಕೆ 29ರಷ್ಟು, ಕೊಡದವರಲ್ಲಿ 42ರಷ್ಟು. ಆ ಲಾಭವೂ ಐಸಿಯುವಿನ ಹೊರಗಿದ್ದವರಿಗೆ ಮಾತ್ರ. ಹಾಗಾಗಿ ತಾವು ಸುಳ್ಳುಗಾರರೆಂದು ನಾನು ಹೇಳುತ್ತಿಲ್ಲ. ತಮ್ಮ ಮಾತನ್ನು ಅರ್ಧಕ್ಕೇ ಕೇಳಿಸಿಕೊಂಡು ಮೆಡಿಕಲ್ ಶಾಪಿಗೆ ಓಡಿದ್ದು ನಾವು.

ಹೆಪ್ಪಿನ ಕಾಯಿಲೆಯಲ್ಲೇ ತಾವು ಭವಿಷ್ಯ ಹೇಳಿದ್ದೂ ಉಂಟು. 2006ರಲ್ಲಿ ಇಟಲಿಯವರ ಪ್ರಯೋಗ: ಕಾರಣವಿಲ್ಲದೆ ಮೊದಲ ಸಲ ಹೆಪ್ಪುಗಟ್ಟಿ, ಔಷಧ ಮುಗಿಸಿದವರಲ್ಲಿ ತಿಂಗಳ ಮೇಲೆ ತಮ್ಮನ್ನು ಅಳೆದರು. ತಾವು ಏರಿದ್ದು ಔಷಧ ಮತ್ತೆ ಶುರು ಮಾಡದವರಲ್ಲಿ ನೂರಕ್ಕೆ 15 ಮಂದಿಗೆ ಕಾಯಿಲೆ ಮರುಕಳಿಸಿತು, ಶುರು ಮಾಡಿದವರಲ್ಲಿ 3ರಷ್ಟು. ಇದಲ್ಲವೇ ದಾರಿ ತೋರುವುದೆಂದರೆ! ಆದರೆ 2015ರಲ್ಲಿ ಕೆನಡಾದವರು, ತಾವು ‘ಇಲ್ಲ’ ಎಂದಿದ್ದಕ್ಕೆ ಔಷಧ ನಿಲ್ಲಿಸಿದ ಗಂಡಸರನ್ನು ಹಿಂಬಾಲಿಸಿ ನೋಡಿದರೆ, ವರ್ಷಕ್ಕೆ ನೂರಕ್ಕೆ ಹತ್ತರ ಹತ್ತಿರ ಮರುಕಳಿಸಿತ್ತು. ಗಂಡಸರ ವಿಷಯದಲ್ಲಿ ತಮ್ಮ ‘ಇಲ್ಲ’ಕ್ಕೂ ಜಾಮೀನು ಬೇಕು. (ಗಂಡಸರ ವಿಷಯದಲ್ಲಿ ಯಾವುದಕ್ಕೆ ಬೇಡ ಎಂದು ನಮ್ಮತ್ತೆ ಪಕ್ಕದಿಂದ ಹೇಳುತ್ತಿದ್ದಾರೆ.)

ಮಹಾಮಾರಿ ಹೋಯಿತು, ತಾವು ಹೋಗಲಿಲ್ಲ. 2024ರ ಏಪ್ರಿಲ್ ಕೊನೆಗೆ, ಕೋವಿಶೀಲ್ಡ್‌ನ ಮೂಲ ಕಂಪನಿ ಬ್ರಿಟನ್ನಿನ ನ್ಯಾಯಾಲಯದಲ್ಲಿ ಅತಿ ವಿರಳವಾಗಿ ಹೆಪ್ಪಿನ ತೊಂದರೆ ಆಗಬಹುದೆಂದು ಒಪ್ಪಿದ ಸುದ್ದಿ ಬಂದಾಗ ಮತ್ತೆ ತಮ್ಮ ಜಪ. ಆ ತೊಂದರೆಯಲ್ಲಿ ತಾವು ವಿಪರೀತ ಏರುವುದು ನಿಜ. ಜೊತೆಗೆ ಪ್ಲೇಟ್‌ಲೆಟ್ಟೂ ಕುಸಿದಿರುತ್ತದೆ, ಅದೂ ಲಸಿಕೆಯ ಬಳಿಕದ ಕೆಲವು ವಾರಗಳಲ್ಲಿ. ನಮ್ಮವರು ಕೇಳಿದ್ದು ಸೂಜಿ ಚುಚ್ಚಿಸಿಕೊಂಡು ಮೂರು ವರ್ಷವಾದ ಮೇಲೆ. 2025ರ ಜುಲೈನಲ್ಲಿ, ಹಾಸನದ ಹಠಾತ್ ಸಾವುಗಳ ಸುದ್ದಿಯ ಹಿಂದೆಯೇ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದಾಗ ನಮ್ಮ ಕುಟುಂಬದ ಗ್ರೂಪಿನಲ್ಲಿ ಬಂದ ಸಲಹೆ: ‘ಹಾರ್ಟಿಗೆ ಡಿ-ಡೈಮರ್ ಒಂದು ಮಾಡಿಸಿಬಿಡಿ.’ ಹೃದಯಾಘಾತಕ್ಕೆ ನೋಡಬೇಕಾದದ್ದು ಇಸಿಜಿ, ಟ್ರೋಪೋನಿನ್. ಪಾಪ, ಟ್ರೋಪೋನಿನ್‌ಗೆ ಅಷ್ಟು ಪ್ರಚಾರ ಸಿಕ್ಕಿಲ್ಲ.

ತಮಗೆ ಬೇಸರವಾಗದಿದ್ದರೆ ತಮ್ಮ ಒಬ್ಬ ಬಡ ಸಂಬಂಧಿಯ ಸುದ್ದಿ ಹೇಳುತ್ತೇನೆ. ಕೊಳಕುಮಂಡಲ ಕಚ್ಚಿದ ರೈತನೊಬ್ಬ ತಾಲ್ಲೂಕು ಆಸ್ಪತ್ರೆಗೆ ಬರುತ್ತಾನೆ. ಆ ಹಾವಿನ ವಿಷ ರಕ್ತದ ಹತ್ತನೆಯ, ಐದನೆಯ ಫ್ಯಾಕ್ಟರುಗಳನ್ನು ಕೆಣಕಿ ಎಲ್ಲೆಲ್ಲೂ ಹೆಪ್ಪು ಕಟ್ಟಿಸುತ್ತದೆ. ಕಟ್ಟಿ ಕಟ್ಟಿ ಫೈಬ್ರಿನೋಜೆನ್ನೇ ಮುಗಿದು, ಕೊನೆಗೆ ಒಸಡಿನಿಂದಲೂ ಮೂತ್ರದಲ್ಲೂ ರಕ್ತ. ಆಗ ತಾವು ಎಂದೂ ಕಾಣದ ಎತ್ತರಕ್ಕೆ ಏರಿರುತ್ತೀರಿ. ಆದರೆ ತಮ್ಮನ್ನು ಅಳೆಯುವ ಯಂತ್ರ ಅಲ್ಲಿರುವುದಿಲ್ಲ. ನರ್ಸ್ ಒಂದು ಗಾಜಿನ ಟ್ಯೂಬು ತರುತ್ತಾರೆ. ಸೋಪು ಹಾಕಿ ತೊಳೆದದ್ದಾಗಬಾರದು, ಒದ್ದೆ ಇರಬಾರದು, ಪ್ಲಾಸ್ಟಿಕ್ಕಂತೂ ಕೂಡದು. ಗಾಜಿನ ಮೈ ಮುಟ್ಟಿದರೇ ರಕ್ತ ಹೆಪ್ಪುಗಟ್ಟಲು ಶುರುವಾಗುವುದು. ಎರಡು ಮಿಲಿ ರಕ್ತ ಹಾಕಿ, ಅಲುಗಾಡಿಸದೆ ಇಪ್ಪತ್ತು ನಿಮಿಷ ನಿಲ್ಲಿಸುತ್ತಾರೆ. ಆಮೇಲೆ ಒಂದೇ ಒಂದು ಸಲ ಓರೆ ಮಾಡುತ್ತಾರೆ. ರಕ್ತ ನೀರಿನಂತೆ ಹರಿದರೆ ಪ್ರತಿವಿಷದ ಡ್ರಿಪ್ ಏರುತ್ತದೆ. ಆರು ಗಂಟೆ ಬಿಟ್ಟು ಮತ್ತೆ ಟ್ಯೂಬು, ಯಾಕೆಂದರೆ ಲಿವರು ಹೊಸ ಸಾಮಗ್ರಿ ತಯಾರಿಸಲು ಅಷ್ಟು ಹೊತ್ತು ಬೇಕು. ಇನ್ನೂ ಹರಿದರೆ ಮತ್ತೊಂದು ಸುತ್ತು.

ಅದಕ್ಕೆ ದಪ್ಪಕ್ಷರವಿಲ್ಲ, ಬಾಣವಿಲ್ಲ, ದಶಾಂಶವಿಲ್ಲ. ಕೆಲವೊಮ್ಮೆ ಅದೂ ತಪ್ಪುತ್ತದೆ. ಆದರೂ ಹಾವು ಕಚ್ಚಿದ್ದಕ್ಕೆ ಮಾತ್ರ ಅದನ್ನು ಕೇಳುತ್ತಾರೆ, ಉತ್ತರ ಬಂದ ಕೂಡಲೇ ಮಾಡಬೇಕಾದ್ದು ಏನೆಂದು ಎಲ್ಲರಿಗೂ ಗೊತ್ತಿರುತ್ತದೆ. ಹಾವು ಕಡಿತವನ್ನು ಕಡ್ಡಾಯವಾಗಿ ಸರ್ಕಾರಕ್ಕೆ ವರದಿ ಮಾಡಬೇಕೆಂದು ಕರ್ನಾಟಕ 2024ರಲ್ಲಿ ಆದೇಶ ಹೊರಡಿಸಿತು. ಆ ಟ್ಯೂಬಿನ ಹೆಸರನ್ನು ಮಾತ್ರ ಇವತ್ತಿಗೂ ಯಾವ ಗೃಹಪ್ರವೇಶದಲ್ಲೂ ಯಾರೂ ಕೇಳಿಲ್ಲ.

ಆದ್ದರಿಂದ ಮಾನ್ಯರಾದ ತಾವು ದಯಮಾಡಿ, ಲಕ್ಷಣವಿಲ್ಲದವರ ಪ್ಯಾಕೇಜುಗಳಿಂದ ಸ್ವಯಂ ನಿವೃತ್ತಿ ಪಡೆಯಬೇಕಾಗಿಯೂ, ಎಫ್‌ಇಯು ಮತ್ತು ಡಿಡಿಯುಗಳಲ್ಲಿ ಒಂದನ್ನು ಆರಿಸಿಕೊಂಡು ಅದೇ ಹೆಸರಿನಲ್ಲಿ ವ್ಯವಹರಿಸಬೇಕಾಗಿಯೂ, ತಮ್ಮ ಬಾಣದ ಗುರುತನ್ನು ರೋಗಿಯ ವಯಸ್ಸು ನೋಡಿ ಹಾಕುವಂತೆ ಸಂಬಂಧಪಟ್ಟ ಸಾಫ್ಟ್‌ವೇರಿಗೆ ಸೂಚಿಸಬೇಕಾಗಿಯೂ ಕೋರುತ್ತೇನೆ. ಏದುಸಿರು ಬಿಡುತ್ತಾ ಬಂದವರ ಸೇವೆಯಲ್ಲಿ ಮಾತ್ರ ಎಂದಿನಂತೆ ಇಪ್ಪತ್ನಾಲ್ಕು ಗಂಟೆಯೂ ಮುಂದುವರಿಯತಕ್ಕದ್ದು.

ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ಸೋದರಮಾವನವರ ಪರವಾಗಿ

ಪ್ರತಿ:
ಶ್ರೀ ಸಿಆರ್‌ಪಿ ಮತ್ತು ಶ್ರೀಮತಿ ಫೆರಿಟಿನ್ ಅವರಿಗೆ, ಇದೇ ಆರೋಪಗಳು ತಮಗೂ ಅನ್ವಯಿಸುವುದರಿಂದ ಮಾಹಿತಿಗಾಗಿ.
ಶ್ರೀ ಟ್ರೋಪೋನಿನ್ ಅವರಿಗೆ, ಎದೆನೋವಿನ ಕಡತಗಳು ತಪ್ಪಿ ಡಿ-ಡೈಮರ್ ಅವರ ಮೇಜಿಗೆ ಹೋಗಿದ್ದು, ಅವನ್ನು ಕೂಡಲೇ ವಾಪಸ್ ಪಡೆಯಲು.
ಹೆಲ್ತ್ ಪ್ಯಾಕೇಜು ಸಿದ್ಧಪಡಿಸುವ ಎಲ್ಲರಿಗೂ, ಮುಂದಿನ ದೀಪಾವಳಿಯ ರಿಯಾಯಿತಿ ಪ್ರಕಟಿಸುವ ಮುಂಚೆ ಓದಿಕೊಳ್ಳಲು ಕೋರಿ.